ರಂಗಸ್ವಾಮಿ ಸಾರ್ ಇಳಿದ ರಾಗಿ ಹೊಲ

ರಂಗಸ್ವಾಮಿ ಸಾರ್ ನನ್ನ ಅಂಗಡಿಗೆ ಬಂದರೆ ಮೊದಲು ನನ್ನ ಮುಖ ನೋಡುತ್ತಿರಲಿಲ್ಲ. ಎದುರು ಗೋಡೌನಿನ ತಗಡಿನ ಮೇಲೆ ಯಾರೋ ರಾಜ್ಯೋತ್ಸವಕ್ಕೆ ಕಟ್ಟಿ ಮರೆತುಬಿಟ್ಟಿದ್ದ ಹಳದಿ ಕೆಂಪು ಬಾವುಟವನ್ನು ನೋಡುತ್ತಿದ್ದರು. ಅದು ಯಾವ ಕಡೆಗೆ ಹಾರುತ್ತಿದೆ, ಸಡಿಲವಾಗಿ ಹಾರುತ್ತಿದೆಯೋ ಬಿಗಿಯಾಗಿ ಹಾರುತ್ತಿದೆಯೋ ಎಂದು ಅಳೆದು, ತಲೆಯಾಡಿಸಿ, ಆಮೇಲೆ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ಬಾವುಟ ಬಿಸಿಲಿಗೆ ಬಣ್ಣ ಹೋಗಿ, ಕೆಂಪು ಭಾಗವೆಲ್ಲ ಹರಿದು, ಒಂದು ಹಳದಿ ಪಟ್ಟಿ ಮಾತ್ರ ಉಳಿದಾಗಲೂ ನೋಡುತ್ತಿದ್ದರು.

"ಗಾಳಿ ಕೆಂಗೇರಿ ಕಡೆಯಿಂದ ಬರ್ತಾ ಇದೆ. ಈಗ ಇಂಜಿನ್ ನಿಂತರೆ ಎಲ್ಲಿ ಇಳೀತೀಯ ಮಲ್ಲೇಶ?"

ನನ್ನದು ನಾಯಂಡಹಳ್ಳಿಯಲ್ಲಿ ಪ್ಯಾಕಿಂಗ್ ಕತ್ತರಿಸುವ ಅಂಗಡಿ. ಮೇಲೆ ಮೆಟ್ರೋ, ಪಕ್ಕದಲ್ಲಿ ಫ್ಲೈಓವರ್, ಕೆಳಗೆ ಲಾರಿಗಳು.

"ಸಾರ್, ಇಲ್ಲಿ ಬಸ್ಸಿಂದ ಇಳಿಯೋಕೇ ಜಾಗ ಇಲ್ಲ. ವಿಮಾನ ಎಲ್ಲಿ ಇಳಿಸ್ಲಿ?"

"ಜಾಗ ಇಲ್ಲ ಅಂತ ಇಂಜಿನ್ ನಿಂತ ಮೇಲೆ ಗೊತ್ತಾಗಬಾರದು. ಮುಂಚೇನೇ ಗೊತ್ತಿರಬೇಕು."

"ವೃಷಭಾವತಿ ಮೋರಿಗೆ ಇಳಿಸಿಬಿಡ್ಲಾ?"

"ಇಳಿಸು. ಬದುಕ್ತೀಯ. ಆದ್ರೆ ಮನೇಲಿ ಒಳಗೆ ಸೇರಿಸಲ್ಲ."

ಹೀಗೆ ಹೇಳಿ ಅವರು ನಗುತ್ತಿರಲಿಲ್ಲ. ಜೇಬಿನಿಂದ ಮಡಿಸಿದ ಹತ್ತಿಬಟ್ಟೆಯ ತುಂಡು ತೆಗೆದು ಕನ್ನಡಕ ಒರೆಸುತ್ತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಸಣಕಲು ಮೈ, ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಅಂಗಿ. ಬಸವೇಶ್ವರನಗರದಲ್ಲಿ ಹೆಂಡತಿ ಸರೋಜಮ್ಮನವರ ಜೊತೆ ಇದ್ದರು. ಮೂವತ್ತು ವರ್ಷ ಚಿಕ್ಕ ವಿಮಾನಗಳಲ್ಲಿ ಜನಕ್ಕೆ ಹಾರುವುದನ್ನು ಕಲಿಸಿದವರು. ನಾನು ಒಂದು ಸಲ ನಮ್ಮ ಗಿರಾಕಿಯೊಬ್ಬರಿಗೆ "ಇವರು ದೊಡ್ಡ ಪೈಲಟ್" ಎಂದು ಪರಿಚಯ ಮಾಡಿಸಿದ್ದಕ್ಕೆ ಆಮೇಲೆ ಬೈದರು. "ನಾನು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಕಣಯ್ಯ. ರಸ್ತೆ ಮಾತ್ರ ಸ್ವಲ್ಪ ಮೇಲಿದೆ."

ಆಟೋ ಹತ್ತಿದರೂ ಅವರ ಕಿವಿ ಇಂಜಿನ್ ಮೇಲೆಯೇ. ವಿಜಯನಗರದಿಂದ ಹೊಸಹಳ್ಳಿಗೆ ಬರುವಷ್ಟರಲ್ಲಿ ಡ್ರೈವರ್ ಭುಜ ತಟ್ಟಿ, "ಅಣ್ಣ, ಮನೆಗೆ ಹೋಗೋ ಮುಂಚೆ ಪ್ಲಗ್ ತೆಗೆಸಿ ನೋಡಿಬಿಡಿ" ಎಂದಿರುತ್ತಿದ್ದರು. ಕೆಲವು ಡ್ರೈವರುಗಳು ಮುಖ ಗಂಟಿಕ್ಕುತ್ತಿದ್ದರು. ಒಬ್ಬ ಮಾತ್ರ, "ಹೌದು ಸಾರ್, ಎರಡು ದಿನದಿಂದ ಬಡ್ಕೊಳ್ತಾ ಇದೆ, ನಿಮಗೆ ಹೆಂಗೆ ಗೊತ್ತಾಯ್ತು" ಎಂದು ಗಾಡಿ ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಮಾತಾಡಿದ್ದ.

ನನ್ನ ಕೆಲಸದ ವಿಷಯವನ್ನೂ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡು ಲೋಹಗಳ ನಡುವೆ ಎಣ್ಣೆ, ಪೆಟ್ರೋಲು, ನೀರು, ಗಾಳಿ ಏನೂ ಸೋರದ ಹಾಗೆ ಕೂರಿಸುವ ರಬ್ಬರು ಅಥವಾ ಕಾರ್ಕಿನ ಹಾಳೆಗೆ ನಮ್ಮಲ್ಲಿ ಪ್ಯಾಕಿಂಗ್ ಎನ್ನುತ್ತಾರೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆದರೆ ಕಣ್ಣಳತೆಯಲ್ಲಿ ನನ್ನನ್ನು ಹಿಡಿಯುವವರು ಈ ರಸ್ತೆಯಲ್ಲಿ ಇಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರೂ ಹೇಳುತ್ತಾರೆ. ಗಿರಾಕಿ ಹಳೆಯದನ್ನು ತರುತ್ತಾನೆ. ಅದು ಹರಿದಿರುತ್ತದೆ, ಬೆಂದಿರುತ್ತದೆ, ಅರ್ಧ ಇರುವುದೇ ಇಲ್ಲ. ಅದನ್ನು ನೋಡಿ ಅದು ಹೊಸದಾಗಿದ್ದಾಗ ಹೇಗಿತ್ತು ಎಂದು ಊಹಿಸಿ ಕತ್ತರಿಸುವುದೇ ಕಸುಬು. ಹರಿದದ್ದನ್ನು ನೋಡಿ ಹರಿಯದ್ದನ್ನು ಮಾಡುವುದು. ನನ್ನ ಪ್ಯಾಕಿಂಗ್ ಹಾಕಿದ ಮೇಲೆ ಸೋರಿತು ಎಂದು ಇವತ್ತಿನವರೆಗೆ ಯಾರೂ ವಾಪಸ್ ಬಂದಿಲ್ಲ.

ಸಾರ್ ಮೊದಲು ಬಂದದ್ದು ತಮ್ಮ ಹಳೆಯ ಸ್ಕೂಟರಿನ ಕಾರ್ಬುರೇಟರಿಗೆ ಪ್ಯಾಕಿಂಗ್ ಬೇಕೆಂದು. ನಾನು ಕೊಟ್ಟಿದ್ದನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಲ್ಲಿ ಸುತ್ತ ಸವರಿ, ಹಳೆಯದರ ಮೇಲೆ ಇಟ್ಟು ನೋಡಿದರು.

"ಈ ತೂತು ಒಂದು ಕೂದಲಷ್ಟು ಎಡಕ್ಕೆ ಹೋಗಿದೆ."

ನನಗೆ ಮೈ ಉರಿಯಿತು. "ಸಾರ್, ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಾ ಇದೀನಿ."

"ಇರಬಹುದಪ್ಪ. ತೂತು ಎಡಕ್ಕೇ ಇದೆ."

ಅಳತೆ ಕಡ್ಡಿ ಇಟ್ಟು ನೋಡಿದೆ. ಎಡಕ್ಕೇ ಇತ್ತು. ಹೊಸದು ಕತ್ತರಿಸಿ ಕೊಟ್ಟೆ. ಅವತ್ತಿನಿಂದ ಅವರು ಎರಡು ವಾರಕ್ಕೊಮ್ಮೆ ಏನಾದರೂ ನೆಪ ಮಾಡಿಕೊಂಡು ಬರತೊಡಗಿದರು. ನಾನೂ ಕಾಯುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಕೆಲಸದಲ್ಲಿ ಕೂದಲೆಳೆ ತಪ್ಪು ಹುಡುಕುವಷ್ಟು ಮರ್ಯಾದೆಯನ್ನು ಅದಕ್ಕೆ ಬೇರೆ ಯಾರೂ ಕೊಟ್ಟಿರಲಿಲ್ಲ.

ರಿಟೈರಾದ ಮೇಲೂ ಅವರಿಗೆ ಹಾರಲು ಒಂದು ವಿಮಾನವಿತ್ತು. ಅದು ಅವರದಲ್ಲ, ಉಮೇಶ್ ಅವರದು. ಉಮೇಶ್ ಗ್ರಾನೈಟ್ ವ್ಯಾಪಾರಿ, ನಲವತ್ತರ ಆಸುಪಾಸಿನವರು, ಆಫೀಸು ರಾಜಾಜಿನಗರದಲ್ಲಿ. ಮಾಗಡಿ ರಸ್ತೆಯಲ್ಲಿ ಊರು ದಾಟಿ ಬಹಳ ದೂರ ಹೋದರೆ ಅವರ ಜಮೀನು. ಅಲ್ಲಿ ನೆಲ ಸಮ ಮಾಡಿಸಿ, ತಗಡಿನ ಶೆಡ್ಡು ಹಾಕಿಸಿ, ಎರಡು ಸೀಟಿನ ಪುಟ್ಟ ವಿಮಾನ ಇಟ್ಟಿದ್ದರು. ಸಾರ್ ಅವರಿಗೆ ಗುರು. ಭಾನುವಾರ ಬೆಳಗ್ಗೆ ಹಾರುವುದು, ವಾರದ ಮಧ್ಯೆ ಒಂದು ದಿನ ಹೋಗಿ ವಿಮಾನದ ನಟ್ಟು ಬೋಲ್ಟು ನೋಡುವುದು, ಇಷ್ಟೇ ಸಾರ್ ಬದುಕಿನ ಉಳಿದ ಸಂತೋಷ. ಸರೋಜಮ್ಮನವರೇ ನನಗೆ ಹೇಳಿದ್ದರು: "ಭಾನುವಾರ ಒಂದಿಲ್ಲ ಅಂದ್ರೆ ಇವರು ಸೋಮವಾರಕ್ಕೆ ಏಳಲ್ಲ ಮಲ್ಲೇಶ."

ಒಂದು ಭಾನುವಾರ ನನ್ನನ್ನೂ ಕೂರಿಸಿಕೊಂಡು ಹಾರಿದರು. ಮೇಲೆ ಹೋದ ಮೇಲೆ ನನಗೆ ಭಯಕ್ಕಿಂತ ಆಶ್ಚರ್ಯ ಹೆಚ್ಚಾಗಿತ್ತು. ಶ್ರೀಗಂಧದ ಕಾವಲಿನ ಕಡೆ ಮನೆಗಳು ಸಕ್ಕರೆ ಚೆಲ್ಲಿದ ಹಾಗೆ ಕಂಡವು. ನೋಡುತ್ತಾ ಇರುವಾಗಲೇ ಇಂಜಿನ್ ಸದ್ದು ಇದ್ದಕ್ಕಿದ್ದಂತೆ ಇಳಿದುಹೋಯಿತು. ಗಾಳಿಯ ಸುಯ್ಯೆನ್ನುವ ಸದ್ದು ಮಾತ್ರ. ನೋಡಿದರೆ ಸಾರ್ ತಮ್ಮ ಕೈಯಲ್ಲೇ ಇಂಜಿನ್ನಿನ ವೇಗದ ಹಿಡಿ, ಥ್ರಾಟಲ್, ಹಿಂದಕ್ಕೆ ಎಳೆದಿದ್ದರು.

"ಹೇಳು. ಈಗ ಎಲ್ಲಿ?"

"ಸಾರ್, ತಮಾಷೆ ಬೇಡ."

"ತಮಾಷೆ ಅಲ್ಲ, ಪಾಠ. ನಿಂತಿರೋದು ಇಂಜಿನ್ನು, ವಿಮಾನ ನಿಂತಿಲ್ಲ. ಮೂಗು ತಗ್ಗಿಸಿದ್ದೀನಿ, ಜಾರ್ತಾ ಇದೆ. ಎರಡು ನಿಮಿಷ ಇದೆ ನಿನಗೆ. ಎಲ್ಲಿ?"

ನಾನು ಕೆಳಗಿನ ರಸ್ತೆ ತೋರಿಸಿದೆ.

"ಕಂಬ ನೋಡು. ಮೇಲಿಂದ ತಂತಿ ಕಾಣಲ್ಲ, ಕಂಬ ಕಾಣುತ್ತೆ. ಸತ್ವಿ. ಇನ್ನೊಂದು ಹೇಳು."

ಮುಂದೆ ಹಸಿರಾಗಿ, ಚಾಪೆ ಹಾಸಿದ ಹಾಗೆ ಒಂದು ಮೈದಾನವಿತ್ತು. ಬೆರಳು ಮಾಡಿದೆ.

"ಅದು ಹುಲ್ಲಲ್ಲ ಕಣಯ್ಯ, ಕೆರೆ. ಮೇಲಿರೋದು ಅಂತರಗಂಗೆ. ಮತ್ತೆ ಸತ್ವಿ."

"ಹಂಗಾದ್ರೆ ಶೆಡ್ಡಿಗೇ ವಾಪಸ್ ತಿರುಗಿಸಿ ಸಾರ್."

"ಎಲ್ಲರೂ ಸಾಯೋದು ಅಲ್ಲೇ. ಗೊತ್ತಿರೋ ಜಾಗ ಅಂತ ತಿರುಗೋಕೆ ಹೋಗ್ತಾರೆ. ಎತ್ತರ ಸಾಲಲ್ಲ, ತಿರುಗೋದರಲ್ಲೇ ಬಿದ್ದುಹೋಗ್ತಾರೆ. ಎದುರಿಗೆ ಏನಿದೆಯೋ ಅದರಲ್ಲೇ ಒಳ್ಳೇದು ಹುಡುಕ್ಕೋಬೇಕು." ಹೀಗೆಂದು ಥ್ರಾಟಲ್ ಮುಂದಕ್ಕೆ ತಳ್ಳಿದರು. ಇಂಜಿನ್ ಮತ್ತೆ ಗುಡುಗಿತು. "ನೆಲ ಹತ್ತಿರ ಬಂದಾಗ ಪೆಟ್ರೋಲ್ ಕಾಕ್, ಅಂದ್ರೆ ನಲ್ಲಿ, ಮುಚ್ಚಬೇಕು, ಸ್ವಿಚ್ ಆರಿಸಬೇಕು. ಬಿದ್ರೂ ಬೆಂಕಿ ಹತ್ತಬಾರದು. ಅದು ಕೈಗೆ ಅಭ್ಯಾಸ ಆಗಿರಬೇಕು, ತಲೆಗಲ್ಲ."

ಇಳಿದ ಮೇಲೆ ನಾನು ಶೆಡ್ಡಿನ ನೆರಳಲ್ಲಿ ನೆಲದ ಮೇಲೆಯೇ ಕೂತುಬಿಟ್ಟೆ. ಉಮೇಶ್ ನಕ್ಕರು. "ಮಲ್ಲೇಶಣ್ಣ, ನನ್ನನ್ನ ಈ ವರ್ಷದಲ್ಲಿ ನಲವತ್ತು ಸಲ ಸಾಯಿಸಿದಾರೆ ಇವರು."

ಆ ವರ್ಷ ನವೆಂಬರಿನಲ್ಲಿ ಸಾರ್ ಒಂದು ಕಾಗದದ ಪೊಟ್ಟಣ ತಂದರು. ಒಳಗೆ ಒಂದು ರಬ್ಬರಿನ ವಾಶರು, ಅಂಗೈಯಗಲ, ಬಳೆಯ ಹಾಗೆ. ವಿಮಾನದ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ್ದು. ಟ್ಯಾಂಕು ರೆಕ್ಕೆಯಲ್ಲಿ, ಮುಚ್ಚಳ ರೆಕ್ಕೆಯ ಮೇಲೆ. ಧೂಳು ಹೋಗಬಾರದೆಂದು ಮುಚ್ಚಳವನ್ನು ಅಲ್ಲೇ ಬಿಟ್ಟು ವಾಶರು ಮಾತ್ರ ತಂದಿದ್ದರು.

"ಹಳೇದು ಹೆಂಗಿದೆಯೋ ಹಂಗೇ ಮಾಡು ಮಲ್ಲೇಶ. ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆ ಇಲ್ಲ."

ನಾನು ನೋಡಿದೆ. ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಅಂಚಿನಲ್ಲಿ ಒಂದು ಕಡೆ ಇಲಿ ಕಡಿದ ಹಾಗೆ ಒಂದು ಸಣ್ಣ ಕಚ್ಚು. ಇಂಥ ಕಚ್ಚುಗಳನ್ನು ನಾನು ದಿನಕ್ಕೆ ಹತ್ತು ನೋಡುತ್ತೇನೆ. ಹರಿದ ಜಾಗ. ಸೋರುವ ಜಾಗ. ಪೆಟ್ರೋಲಿಗೆ ಕರಗದ ಒಳ್ಳೆಯ ರಬ್ಬರ್ ಹಾಳೆ ತೆಗೆದು, ಪಂಚ್ ಇಟ್ಟು ಒಂದೇ ಏಟಿಗೆ ಕತ್ತರಿಸಿದೆ. ದುಂಡಗೆ, ಕಚ್ಚಿಲ್ಲದೆ, ಹುಣ್ಣಿಮೆ ಚಂದ್ರನ ಹಾಗೆ ಬಂತು. ಹಳೆಯದನ್ನು ಗೋಡೆಯ ಮೊಳೆಗೆ ಸಿಕ್ಕಿಸಿದೆ. ಮಾದರಿಗಳನ್ನು ಎಸೆಯುವ ಅಭ್ಯಾಸ ನನಗಿಲ್ಲ.

ಸಂಜೆ ಸಾರ್ ಬಂದು ಹೆಬ್ಬೆರಳಲ್ಲಿ ಸುತ್ತ ಸವರಿದರು. "ಚೆನ್ನಾಗಿದೆ" ಎಂದರು. ಅಷ್ಟರಲ್ಲಿ ಲಾರಿಯ ಡ್ರೈವರೊಬ್ಬ ಹೆಡ್ ಪ್ಯಾಕಿಂಗ್ ಬೇಕೆಂದು ತಲೆ ಮೇಲೆ ಕೂತ. ನಾನು ಅವನ ಕೆಲಸಕ್ಕೆ ಬಗ್ಗಿದೆ. ಸಾರ್ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದರು. ಏನೋ ಮಾತಾಡಿದರು, ನಾನೂ ಏನೋ ಉತ್ತರ ಕೊಟ್ಟೆ. ತಲೆಯೆತ್ತಿ ನೋಡುವಷ್ಟರಲ್ಲಿ ಹೋಗಿದ್ದರು. ಮಾರನೆಯ ದಿನ ಮತ್ತೆ ಬಂದು, "ನನ್ನ ವಾಶರ್ ಆಯ್ತಾ ಮಲ್ಲೇಶ?" ಎಂದರು. "ನಿನ್ನೆ ತಗೊಂಡು ಹೋದ್ರಲ್ಲ ಸಾರ್" ಎಂದಾಗ ಒಂದು ಗಳಿಗೆ ನನ್ನನ್ನೇ ನೋಡಿ, "ಗೊತ್ತು, ನಿನ್ನ ಪರೀಕ್ಷೆ ಮಾಡ್ದೆ" ಎಂದು ಹೊರಟರು. ನಾನು ನಕ್ಕು ಕೆಲಸಕ್ಕೆ ತಿರುಗಿದೆ.

ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಉಮೇಶ್ ಫೋನು ಬಂತು.

"ಮಲ್ಲೇಶಣ್ಣ, ನಿಮಗೆ ಗೊತ್ತಿರೋ ಲಾರಿಯವರು ಯಾರಾದ್ರೂ ಇದಾರಾ? ವಿಮಾನ ಹೊಲದಲ್ಲಿದೆ."

"ಸಾರ್?"

"ಇದಾರೆ. ಚೆನ್ನಾಗೇ ಇದಾರೆ. ಬದುವಿನ ಮೇಲೆ ಕೂತು ಮಜ್ಜಿಗೆ ಕುಡೀತಿದಾರೆ."

ಪರಿಚಯದ ಲಾರಿ ಮಾಡಿಕೊಂಡು ಹೋದೆ. ಕೊಯ್ದ ರಾಗಿ ಹೊಲ, ಕೂಳೆ ಮಾತ್ರ ನಿಂತಿತ್ತು. ವಿಮಾನ ಮುಂದಿನ ಚಕ್ರ ಮುರಿದುಕೊಂಡು ಮೂಗನ್ನು ಬದುವಿಗೆ ಊರಿ, ಮುಗ್ಗರಿಸಿದ ಹಸುವಿನ ಹಾಗೆ ಕೂತಿತ್ತು. ಆಚೆ ಒಂದು ಮಾರು ದೂರದಲ್ಲಿ ಹುಲ್ಲಿನ ಬಣವೆ. ಸಾರ್ ಎಡ ಮಣಿಕಟ್ಟಿಗೆ ಹೊಲದೊಡತಿಯ ಸೀರೆ ತುಂಡು ಕಟ್ಟಿಕೊಂಡು ಅವರ ಹತ್ತಿರ ಕ್ಷಮೆ ಕೇಳುತ್ತಿದ್ದರು.

"ನಿಮ್ಮ ಬದು ಕೆಡಿಸಿಬಿಟ್ಟೆ ತಾಯಿ."

"ಬದು ಕಟ್ಕೋಬೋದು ಬಿಡಿ ಸಾಮಿ. ಬಣವೆ ಮೇಲೆ ಬೀಳ್ನಿಲ್ವಲ್ಲ, ಅಷ್ಟು ಸಾಕು. ನಮ್ಮ ದನ ಏನ್ ತಿನ್ನವು?"

ಆದದ್ದು ಇಷ್ಟು, ಉಮೇಶ್ ಹೇಳಿದ ಪ್ರಕಾರ. ಮಂಜು ಕರಗಿದ ತಕ್ಷಣ ಇಬ್ಬರೂ ಏರಿದ್ದಾರೆ. ಇಪ್ಪತ್ತು ನಿಮಿಷ ಹಾರಿದ್ದಾರೆ. ಇಂಜಿನ್ ಎರಡು ಸಲ ಕೆಮ್ಮಿ ನಿಂತಿದೆ. ಉಮೇಶ್ ಕೈ ತಾನಾಗಿ ಶೆಡ್ಡಿನ ಕಡೆ ತಿರುಗಿಸಲು ಹೋಗಿದೆ. ಸಾರ್ ಅವರ ಕೈಯ ಮೇಲೆ ಒಂದು ಪೆಟ್ಟು ಕೊಟ್ಟು, "ಬಿಡು" ಎಂದಿದ್ದಾರೆ. ಆಮೇಲೆ ನೆಲಕ್ಕೆ ತಾಗುವ ತನಕ ಒಂದೇ ಒಂದು ಮಾತಾಡಿಲ್ಲ. ಕಂಬಗಳ ಸಾಲನ್ನು ದಾಟಿಸಿ, ಬಣವೆಯನ್ನು ತಪ್ಪಿಸಿ, ಗಾಳಿಗೆ ಎದುರಾಗಿ ತಂದು ಕೂರಿಸಿದ್ದಾರೆ. ಉಮೇಶ್ ತುಟಿ ಕಚ್ಚಿಕೊಂಡದ್ದು ಬಿಟ್ಟರೆ ಏನೂ ಆಗಿಲ್ಲ.

ವಿಮಾನ ಲಾರಿಗೆ ಏರಿಸುವ ಮೊದಲು ಟ್ಯಾಂಕು ಖಾಲಿ ಮಾಡಬೇಕಿತ್ತು. ಲಾರಿಯವರು ರೆಕ್ಕೆ ಹತ್ತಿ ಮುಚ್ಚಳ ತೆಗೆದು ಪೆಟ್ರೋಲು ಕ್ಯಾನಿಗೆ ಇಳಿಸಿಕೊಂಡರು. ಮುಚ್ಚಳವನ್ನು ಎಲ್ಲಿಟ್ಟರೋ, ಕೂಳೆಯ ನಡುವೆ ಎಲ್ಲಿ ಉರುಳಿತೋ, ಮತ್ತೆ ಸಿಗಲಿಲ್ಲ. ಟ್ಯಾಂಕಿನ ಬಾಯಿಗೆ ಬಟ್ಟೆ ತುರುಕಿ ಸಾಗಿಸಿದೆವು. ಅವತ್ತು ನನಗೆ ಆ ಮುಚ್ಚಳದ ಕಡೆ ಗಮನವೇ ಇರಲಿಲ್ಲ.

ಉಮೇಶ್ ವಿಮಾನದೊಳಗೆ ತಲೆ ಹಾಕಿ, "ಸರ್, ಪೆಟ್ರೋಲ್ ಕಾಕ್ ಮುಚ್ಚಿದೆ" ಎಂದರು.

ಸಾರ್ ಬದುವಿನ ಮೇಲಿಂದಲೇ ಹೇಳಿದರು: "ಹೌದು. ನಾನೇ ಪೂರ್ತಿ ತೆಗೆದಿರಲಿಲ್ಲ. ಅರ್ಧ ತೆಗೆದಿದ್ದೆ ಅನ್ಸುತ್ತೆ. ನನ್ನ ತಪ್ಪು."

ಲಾರಿಯ ಹಗ್ಗ ಬಿಗಿಯುತ್ತಿದ್ದ ನನಗೆ ಅದು ಕೇಳಿಸಿತು. ಇಳಿಯುವಾಗ ಕಾಕ್ ಮುಚ್ಚಬೇಕು ಎಂದು ಇವರೇ ಹೇಳಿಕೊಟ್ಟಿದ್ದರಲ್ಲ, ಮುಚ್ಚಿರುವುದು ಸರಿಯೇ ಅಲ್ಲವೇ ಎಂದು ಅನ್ನಿಸಿತು. ಆದರೆ ನಾನು ಹಾರುವವನಲ್ಲ, ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದೆ. ಆಮೇಲೆ ವಿಚಾರಿಸಲು ಬಂದ ಅಧಿಕಾರಿಗಳಿಗೂ ಸಾರ್ ಇದನ್ನೇ ಹೇಳಿದರಂತೆ. ಉಮೇಶ್ ಮರ್ಯಾದೆಯಿಂದಲೇ, "ಸರ್, ಇನ್ನು ಸಾಕು. ನೀವು ರೆಸ್ಟ್ ತಗೊಳ್ಳಿ" ಎಂದು ಶೆಡ್ಡಿನ ಬೀಗದ ಕೈ ವಾಪಸ್ ಪಡೆದರು.

ಮೂರನೆಯ ದಿನ ಮೂಗು ಎತ್ತಿ ನಿಲ್ಲಿಸಿ, ಹೊಸ ಪೆಟ್ರೋಲು ಸುರಿದು, ಬೇರೊಂದು ಮುಚ್ಚಳ ಹಾಕಿ ತಿರುಗಿಸಿದರೆ ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತಂತೆ.

ಜನವರಿಯಲ್ಲಿ ಒಬ್ಬರು ಮೊಪೆಡ್ಡಿನ ಟ್ಯಾಂಕ್ ಮುಚ್ಚಳ ತಂದರು, ಸೋರುತ್ತಿದೆ ಎಂದು. ಅದನ್ನು ಮಗುಚಿದೆ. ನಡುವೆ ಸೂಜಿಮೊನೆಯಷ್ಟು ತೂತು. ಅದು ಗಾಳಿ ಹೋಗುವ ದಾರಿ. ಪೆಟ್ರೋಲು ಕೆಳಗೆ ಇಳಿದಷ್ಟು ಗಾಳಿ ಮೇಲಿನಿಂದ ಒಳಗೆ ಹೋಗಬೇಕು, ಇಲ್ಲದಿದ್ದರೆ ಪೆಟ್ರೋಲು ಇಳಿಯುವುದೇ ನಿಂತುಬಿಡುತ್ತದೆ. ಇದು ನಮ್ಮ ರಸ್ತೆಯಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಮುಚ್ಚಳ ಕೈಯಲ್ಲೇ ಉಳಿಯಿತು. ತಲೆಯೆತ್ತಿ ಗೋಡೆಯ ಮೊಳೆ ನೋಡಿದೆ.

ಸಾರ್ ತಂದಿದ್ದ ಹಳೆಯ ವಾಶರನ್ನು ಇಳಿಸಿ ಬಿಸಿಲಿಗೆ ಹಿಡಿದೆ. ಕಚ್ಚಿನ ಒಂದು ಬದಿ ಚಾಕುವಿನಲ್ಲಿ ಕೊಯ್ದ ಹಾಗೆ ನೇರವಾಗಿತ್ತು. ಇನ್ನೊಂದು ಬದಿ ಹರಿದ ಹಾಗೆ ಜುಂಗು ಜುಂಗಾಗಿತ್ತು. ನೇರವಾದ ಬದಿ ನೋಡಿದರೆ ಇದು ಯಾರೋ ಗಾಳಿಗೆಂದು ಬೇಕಂತಲೇ ಮಾಡಿದ್ದು. ಜುಂಗಾದ ಬದಿ ನೋಡಿದರೆ ಹಳೆಯದಾಗಿ ಹರಿದದ್ದು. ಪಕ್ಕದ ಲೇತ್ ಅಂಗಡಿಯವರಿಗೆ ತೋರಿಸಿದೆ. "ಹರಿದಿದೆ ಬಿಡಪ್ಪ" ಎಂದರು. ಅವರೇ ಕನ್ನಡಕ ಹಾಕಿಕೊಂಡು ಮತ್ತೆ ನೋಡಿ, "ತಡಿ, ಕೊಯ್ದಂಗಿದೆ" ಎಂದರು.

ನನ್ನ ವಾಶರಿನಲ್ಲಿ ಕಚ್ಚು ಇರಲಿಲ್ಲ. ಹನಿ ಸೋರದ ಹಾಗೆ, ಗಾಳಿಯೂ ಹೋಗದ ಹಾಗೆ ಕತ್ತರಿಸಿದ್ದೆ. ಇಪ್ಪತ್ತು ನಿಮಿಷ ಹಾರಿ ನಿಂತಿತು ಎಂದಿದ್ದರು ಉಮೇಶ್. ಗಾಳಿ ಇಲ್ಲದ ಟ್ಯಾಂಕು ನಿಲ್ಲುವುದೂ ಹಾಗೆಯೇ, ಹೊರಟ ತಕ್ಷಣವಲ್ಲ, ಸ್ವಲ್ಪ ಹೊತ್ತಾದ ಮೇಲೆ. ಹಾಗಾದರೆ ಸಾರ್ ಅವರ ಭಾನುವಾರಗಳನ್ನು ಕಿತ್ತುಕೊಂಡವನು ನಾನು. ಆದರೆ ನವೆಂಬರಿನಿಂದ ಡಿಸೆಂಬರಿನ ತನಕ ಅವರು ಅದೇ ವಾಶರು ಹಾಕಿಕೊಂಡು ಎರಡು ಮೂರು ಸಲ ಹಾರಿದ್ದರಲ್ಲ? ಆಗೇಕೆ ನಿಲ್ಲಲಿಲ್ಲ? ಅಥವಾ ಅಲ್ಲಿಯ ತನಕ ವಾಶರಿಲ್ಲದೆಯೇ ಹಾರಿ, ಹೊಸದು ಹಾಕಿದ್ದೇ ಆ ಭಾನುವಾರವೋ?

ವಿಮಾನ ಇಳಿದಿದ್ದ ಹೊಲಕ್ಕೆ ನಾನೊಬ್ಬನೇ ಹೋದೆ. ಮುಚ್ಚಳ ಸಿಕ್ಕರೆ ಅದರೊಳಗೆ ನನ್ನ ವಾಶರು ಇರುತ್ತದೆ, ಕಚ್ಚು ಇದೆಯೋ ಇಲ್ಲವೋ ಕಣ್ಣಾರೆ ನೋಡಬಹುದು. ಹೊಲ ಉತ್ತಿದ್ದರು. ಹೊಲದೊಡತಿ ಗುರುತು ಹಿಡಿದು, "ಏನ್ ಕಳ್ಕೊಂಡ್ರಿ ಸಾಮಿ?" ಎಂದರು. "ಒಂದು ಮುಚ್ಚಳ ತಾಯಿ" ಎಂದೆ. ಅವರೂ ನನ್ನ ಜೊತೆ ಸಾಲು ಸಾಲಾಗಿ ನಡೆದು ಹುಡುಕಿದರು. "ಅಷ್ಟು ದೊಡ್ಡ ಇಮಾನಕ್ಕೆ ಮುಚ್ಚಳ ಒಂದು ಹೋದ್ರೆ ಏನಾಯ್ತದೆ?" ಎಂದು ಕೇಳಿದರು. ನಾನು ಮುಂದಿನ ಸಾಲಿಗೆ ತಿರುಗಿದೆ. ಮುಚ್ಚಳ ಸಿಗಲಿಲ್ಲ.

ಅಲ್ಲಿಂದ ನೇರ ಬಸವೇಶ್ವರನಗರಕ್ಕೆ ಹೋದೆ. ಸಾರ್ ಸ್ನಾನಕ್ಕೆ ಹೋಗಿದ್ದರು. ಸರೋಜಮ್ಮನವರ ಹತ್ತಿರ ಮಾತಿಗೆ ಮಾತು ಸೇರಿಸುತ್ತಾ, "ಕಾಕ್ ತೆಗೆಯೋದು ಮರೆತರಂತಲ್ಲ ಅಮ್ಮ" ಎಂದೆ.

"ಕಾಕಾ? ನನಗೆ ಪೆಟ್ರೋಲಲ್ಲಿ ನೀರು ಸೇರಿತ್ತು ಅಂದ್ರಲ್ಲ."

ಸಾರ್ ಬಂದ ಮೇಲೆ ನನಗೆ ಮೂರನೆಯ ಕಾರಣವನ್ನೇ ಹೇಳಿದರು. "ಮಂಜುಗಡ್ಡೆ ಕಣಯ್ಯ."

"ಇಂಜಿನ್ ಒಳಗಾ?"

"ಕಾರ್ಬುರೇಟರಿನ ಗಂಟಲಲ್ಲಿ. ಗಾಳಿ ಅಲ್ಲಿ ಕಿರಿದಾಗಿ ನುಗ್ಗುತ್ತೆ, ಪೆಟ್ರೋಲು ಆವಿಯಾಗುತ್ತೆ, ಜಾಗ ತಣ್ಣಗಾಗುತ್ತೆ. ಡಿಸೆಂಬರ್ ಬೆಳಗ್ಗೆ, ಗಾಳೀಲಿ ತೇವ. ಒಳಗೆ ಐಸ್ ಕಟ್ಟಿ ಉಸಿರು ನಿಲ್ಲಿಸಿಬಿಡುತ್ತೆ. ನೆಲಕ್ಕೆ ಬಂದು ಬಿಸಿಲಿಗೆ ನಿಂತರೆ ಕರಗಿಹೋಗುತ್ತೆ. ಸಾಕ್ಷಿ ಇರಲ್ಲ."

"ಬೆಂಗಳೂರಲ್ಲಾ ಸಾರ್?"

"ಬೆಂಗಳೂರಲ್ಲೇ."

ಮನೆಗೆ ಬಂದು ಕೂತು ಯೋಚಿಸಿದೆ. ಕಾಕ್ ಅರ್ಧ ತೆಗೆದಿದ್ದರೆ, ಪೂರ್ತಿ ತೆಗೆದ ಮೇಲೆ ಇಂಜಿನ್ ಸ್ಟಾರ್ಟ್ ಆಗುತ್ತದೆ. ಐಸ್ ಆಗಿದ್ದರೆ, ಕರಗಿದ ಮೇಲೆ ಸ್ಟಾರ್ಟ್ ಆಗುತ್ತದೆ. ನೀರಾಗಿದ್ದರೆ, ಟ್ಯಾಂಕು ಖಾಲಿ ಮಾಡಿದ ಮೇಲೆ ಸ್ಟಾರ್ಟ್ ಆಗುತ್ತದೆ. ನನ್ನ ವಾಶರಾಗಿದ್ದರೆ, ಬೇರೆ ಮುಚ್ಚಳ ಹಾಕಿದ ಮೇಲೆ ಸ್ಟಾರ್ಟ್ ಆಗುತ್ತದೆ. ಎಲ್ಲಕ್ಕೂ ಒಂದೇ ಲಕ್ಷಣ. ಇಷ್ಟು ಕಥೆಗಳನ್ನು ಅವರು ಹೇಳುತ್ತಿರುವುದು ನನ್ನ ಹೆಸರು ಕಾಪಾಡಲು ಎಂದು ನನಗೆ ಖಾತ್ರಿಯಾಯಿತು. ಅದು ನನಗೆ ಅವಮಾನವೂ ಆಯಿತು. ನನ್ನ ಕೆಲಸಕ್ಕೆ ಯಾರ ಮರೆಯೂ ಬೇಡ ಎಂದು ಬದುಕಿದವನು ನಾನು.

ಅಷ್ಟರಲ್ಲಿ ಸಾರ್ ಅಂಗಡಿಗೆ ಬರುವುದು ಕಡಿಮೆಯಾಗಿತ್ತು. ಬಂದರೂ ಬೀದಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಬಾವುಟ ನೋಡುತ್ತಿರಲಿಲ್ಲ. ಎಲ್ಲಿ ಇಳೀತೀಯ ಎಂದು ಕೇಳುತ್ತಿರಲಿಲ್ಲ. ಒಂದು ದಿನ ನಾನೇ ಕೇಳಿದೆ: "ಸಾರ್, ಈಗ ಇಂಜಿನ್ ನಿಂತರೆ?" ಅವರು, "ನಮ್ಮ ಮನೆ ಗ್ಯಾಸ್ ಲೈಟರ್ ಕೆಟ್ಟಿದೆ, ಇಲ್ಲಿ ಎಲ್ಲಾದ್ರೂ ರಿಪೇರಿ ಮಾಡ್ತಾರಾ?" ಎಂದರು.

ಅದನ್ನು ನೋಡಿಕೊಂಡು ಇರಲು ಆಗಲಿಲ್ಲ. ರಾಜಾಜಿನಗರದ ಆಫೀಸಿಗೆ ಹೋಗಿ ಉಮೇಶ್ ಮುಂದೆ ಹಳೆಯ ವಾಶರು ಇಟ್ಟೆ. ಎಲ್ಲ ಹೇಳಿದೆ. "ತಪ್ಪು ನನ್ನದಿರಬಹುದು. ಸಾರ್‌ನ ಮತ್ತೆ ಕರ್ಕೊಳ್ಳಿ."

ಉಮೇಶ್ ವಾಶರನ್ನು ಬಹಳ ಹೊತ್ತು ತಿರುಗಿಸಿ ನೋಡಿದರು.

"ಮಲ್ಲೇಶಣ್ಣ, ನೀವು ಬಂದು ಹೇಳಿದ್ದು ದೊಡ್ಡದು. ಆದ್ರೆ ಒಂದು ಯೋಚನೆ ಮಾಡಿ. ಮುಚ್ಚಳಕ್ಕೆ ಗಾಳಿ ದಾರಿ ಬೇಕು ಅಂತ ನನಗೆ ಹೇಳಿಕೊಟ್ಟೋರೇ ಅವರು. ಹೊಸ ವಾಶರ್ ಹಾಕಿದ್ದೂ ಅವರೇ. ಕಚ್ಚಿಲ್ಲ ಅಂತ ಅವರಿಗೆ ಕಾಣಲಿಲ್ಲ ಅಂದ್ರೆ? ಕಾಕ್ ಮರೆತದ್ದಕ್ಕಿಂತ ಅದು ವಾಸಿನಾ?"

ತಪ್ಪು ನನ್ನ ತಲೆಗೆ ತಂದುಕೊಂಡರೆ ಅವರ ತಲೆಯಿಂದ ಇಳಿಯುತ್ತದೆ ಎಂದುಕೊಂಡು ಹೋಗಿದ್ದೆ. ಅದು ನನ್ನ ತಲೆಗೂ ಬಂತು, ಅವರ ತಲೆಯ ಮೇಲೂ ಉಳಿಯಿತು.

"ಪ್ರಾಣ ಉಳಿಸಿದ್ದು ಅವರೇ, ಅದನ್ನ ಸಾಯೋವರೆಗೂ ಮರೆಯಲ್ಲ" ಎಂದರು ಉಮೇಶ್. "ಆದ್ರೆ ಮತ್ತೆ ಅವರ ಪಕ್ಕ ಕೂತ್ಕೊಳ್ಳೋಕೆ ನನಗೆ ಧೈರ್ಯ ಇಲ್ಲ."

ಅದೇ ವಾರ ಸಾರ್ ಹತ್ತಿರ ಹೋಗಿ, ಉಮೇಶ್ ಅವರಿಗೆ ಎಲ್ಲ ಹೇಳಿಬಿಟ್ಟೆ ಎಂದು ಒಪ್ಪಿಸಿದೆ. ಅದು ನಮ್ಮ ಕೊನೆಯ ಭೇಟಿ ಎಂದು ಆಗ ಗೊತ್ತಿರಲಿಲ್ಲ. ಮಾರ್ಚಿ ತಿಂಗಳಲ್ಲಿ, ಮಧ್ಯಾಹ್ನದ ಊಟವಾಗಿ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ ಎಂದು ಸರೋಜಮ್ಮನವರು ಫೋನು ಮಾಡಿದರು. ಆದರೆ ಈ ಭೇಟಿಯ ದಿನ ಅವರು ಗಟ್ಟಿಯಾಗಿಯೇ ಇದ್ದರು, ವರಾಂಡದಲ್ಲಿ ಸ್ಕೂಟರಿನ ಕನ್ನಡಿ ಒರೆಸುತ್ತಿದ್ದರು.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಒಳಗೆ ಕರೆದು, ಅಡುಗೆಮನೆಯ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದರು.

"ಆ ಕಚ್ಚು ನಾನೇ ಹಾಕಿದ್ದು. ಮೂರು ವರ್ಷದ ಹಿಂದೆ, ಹಳೇದಕ್ಕೆ. ಕೊಯ್ಯೋವಾಗ ಕೈ ಜಾರಿ ಒಂದು ಕಡೆ ಹರೀತು. ನಿನ್ನದೇನೂ ತಪ್ಪಿಲ್ಲ. ನಿನಗೆ ಹೇಳಬೇಕಿತ್ತು, ಹೇಳಲಿಲ್ಲ."

"ಆಯ್ತು ಸಾರ್. ಆದ್ರೆ ಹೊಸದು?"

"ಅದೇ." ಕನ್ನಡಿ ಒರೆಸಿದ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು. "ಹೊಸದಕ್ಕೂ ಹಾಕಿದೆ ಅಂತ ಒಂದು ದಿನ ಅನ್ಸುತ್ತೆ. ಹಂಗಾದ್ರೆ ಐಸೇ ಇರಬೇಕು. ಇನ್ನೊಂದು ದಿನ ಹಾಕಲಿಲ್ಲ ಅನ್ಸುತ್ತೆ. ಕಾಕ್ ಪೂರ್ತಿ ತೆಗೆದಿದ್ನಾ ಅಂತ ಕಣ್ಣು ಮುಚ್ಚಿ ನೋಡಿದ್ರೆ ಕೈ ಕಾಣುತ್ತೆ, ಆದ್ರೆ ಅದು ಯಾವ ಭಾನುವಾರದ ಕೈ ಅಂತ ಗೊತ್ತಾಗಲ್ಲ. ನಾನು ಯಾರಿಗೂ ಸುಳ್ಳು ಹೇಳಿಲ್ಲ ಮಲ್ಲೇಶ. ಕೇಳಿದಾಗ ಯಾವುದು ನೆನಪಾಯ್ತೋ ಅದನ್ನ ಹೇಳಿದೀನಿ."

ಅಷ್ಟು ದಿನ ಅವರು ನನ್ನನ್ನು ಕಾಪಾಡುತ್ತಿದ್ದಾರೆ ಎಂದು ಬೀಗಿದ್ದೆನೋ, ಅವಮಾನಪಟ್ಟಿದ್ದೆನೋ, ಎರಡಕ್ಕೂ ಅರ್ಥವಿರಲಿಲ್ಲ.

"ಅವತ್ತು ಸಂಜೆ ನಿನ್ನ ಅಂಗಡೀಲಿ ಕೂತಿದ್ದೆ ನೋಡು, ಯಾವನೋ ಲಾರಿಯವನು ಬಂದಿದ್ದ. ಆಗ ನಾನು ನಿನ್ನ ಹತ್ರ ಬ್ಲೇಡ್ ಕೇಳಿದ್ನಾ?"

ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಆಕಾಶದಲ್ಲಿ ಯಾರ ಕೈಯನ್ನೂ ಹಿಡಿಯದೆ ಇದ್ದ ಮನುಷ್ಯ. ಉಮೇಶ್ ಕರೆಯುವುದು ಬಿಡುವುದು ಅವರಿಗೆ ಬೇಕಿರಲಿಲ್ಲ ಎಂದು ಆಗ ತಿಳಿಯಿತು. ತಮ್ಮ ತಲೆ ಇನ್ನೂ ತಮ್ಮದೇ ಹೌದೋ ಅಲ್ಲವೋ ಎಂದು ತಿಳಿಯಬೇಕಿತ್ತು, ಮತ್ತು ಅದನ್ನು ಹೇಳಬಲ್ಲವನು ನಾನೊಬ್ಬನೇ.

ನೆನಪು ಮಾಡಿಕೊಂಡೆ. ಲಾರಿಯವನ ಹೆಡ್ ಪ್ಯಾಕಿಂಗ್ ನೆನಪಿದೆ, ಅದರಲ್ಲಿ ಎಷ್ಟು ತೂತು ಹೊಡೆದೆ ಎಂಬುದೂ ನೆನಪಿದೆ. ಸಾರ್ ಏನೋ ಕೇಳಿದರು, ನಾನು ತಲೆಯೆತ್ತದೆ ಏನೋ ಹೇಳಿದೆ. ಬ್ಲೇಡು ಕೇಳಿರಬಹುದು. ನೀರು ಕೇಳಿರಬಹುದು. ಬರ್ತೀನಿ ಎಂದಿರಬಹುದು.

"ಕೇಳಿದ್ರಿ ಸಾರ್" ಎಂದೆ. "ಡ್ರಾಯರಿಂದ ತೆಗೆದುಕೊಟ್ಟೆ."

ಡ್ರಾಯರ್ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಹೇಳಿದ ಮೇಲೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು, ಈಗಲೂ ಕಾಣುತ್ತದೆ. ನಾನು ಡ್ರಾಯರ್ ಎಳೆಯುವುದು, ಅವರು ಕೈ ಚಾಚುವುದು. ನಡೆದದ್ದೇ ಕಾಣುತ್ತಿದೆಯೋ, 'ಕೇಳಿದ್ರಿ' ಎಂದ ಮೇಲೆ ಹುಟ್ಟಿದ್ದೋ, ಬೇರ್ಪಡಿಸಲು ಆಗುತ್ತಿಲ್ಲ. ಬ್ಲೇಡು ಕೊಟ್ಟಿದ್ದರೆ ಅವರು ಕಚ್ಚು ಹಾಕಿದ್ದಾರೆ. ಹಾಕಿದ್ದರೆ ಆ ಮುಚ್ಚಳದ ಮಟ್ಟಿಗೆ ಅವರದೂ ತಪ್ಪಿಲ್ಲ, ನನ್ನ ವಾಶರಿನದೂ ತಪ್ಪಿಲ್ಲ. ಆ ಮಾತನ್ನು ಅವರಿಗಾಗಿ ಹೇಳಿದೆನೋ ನನಗಾಗಿ ಹೇಳಿದೆನೋ, ಅದೂ ತಿಳಿಯುತ್ತಿಲ್ಲ.

ಸಾರ್ ದೀರ್ಘವಾಗಿ ಉಸಿರು ಬಿಟ್ಟರು. ಭುಜ ಸಡಿಲವಾಯಿತು. ಎದ್ದು ಅಡುಗೆಮನೆಯ ಬಾಗಿಲ ತನಕ ಹೋಗಿ, ನಾನು ಅವರಲ್ಲಿ ಎಂದೂ ಕೇಳಿರದಷ್ಟು ಗಟ್ಟಿ ದನಿಯಲ್ಲಿ ಹೇಳಿದರು:

"ಸರೋಜ, ಎರಡು ಕಾಫಿ ಮಾಡು. ನಾನು ಕಚ್ಚು ಹಾಕಿದ್ದೆ ಕಣೇ. ಮಲ್ಲೇಶ ಕಣ್ಣಾರೆ ನೋಡಿದಾನೆ."

ಸರೋಜಮ್ಮನವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ನನ್ನ ಮುಖ ನೋಡಿದರು. ನಾನು ಇಲ್ಲ ಎನ್ನಲಿಲ್ಲ.